ಗಣಕಯಂತ್ರದ ಒಳಗಡಿಯಾರ: ಅದರ ಕಾಲದೋಷವೂ ಚಾಲನೆಯ ತೊಡಕುಗಳೂ

ಗಣಕಯಂತ್ರವೊಂದಕ್ಕೆ ವಿದ್ಯುತ್ತನ್ನು ಹರಿಯಿಸಿ ಚಾಲನೆಗೆ ತಂದಾಗ ಅದು ಮೊಟ್ಟಮೊದಲು ತಿಳಿದುಕೊಳ್ಳಬೇಕಾದ ಸಂಗತಿಗಳಲ್ಲಿ ಇಂದು ಯಾವ ದಿನ, ಈಗ ಎಷ್ಟು ಗಂಟೆ ಎಂಬುದೂ ಒಂದು. ತಾನು ನಿಂತಿದ್ದ ಅವಧಿಯಲ್ಲಿ ಎಷ್ಟು ಕಾಲ ಕಳೆಯಿತೆಂಬುದನ್ನು ಯಂತ್ರದ ಮುಖ್ಯಭಾಗವು ಅರಿಯದು. ಅದಕ್ಕಾಗಿ, ಯಂತ್ರವು ನಿಂತಿರುವಾಗಲೂ ಪುಟ್ಟ ಬ್ಯಾಟರಿಯೊಂದರ ಬಲದಿಂದ ನಡೆಯುತ್ತಿರುವ ಒಳಗಡಿಯಾರವನ್ನು ಅದರಲ್ಲಿ ಅಳವಡಿಸಿರುತ್ತಾರೆ. ಈ ಗಡಿಯಾರ ಹಿಂದೆ ಬಿದ್ದರೆ, ಮುಂದೆ ಓಡಿದರೆ, ಇಲ್ಲವೆ ಬ್ಯಾಟರಿ ಬರಿದಾಗಿ ತನ್ನ ಆದಿದಿನಕ್ಕೆ ಮರಳಿದರೆ, ಯಂತ್ರವು ಚಾಲನೆಯ ಮೊದಲ ಮೆಟ್ಟಿಲುಗಳಲ್ಲಿಯೇ ಎಡವುವುದುಂಟು. ಇದು ದುರಸ್ತಿಗಾರರ ಅಂಗಡಿಗೆ ಸೇರಿದ ವಿಷಯವೆಂದು ಚರಿತ್ರೆಯ ಅಭ್ಯಾಸಿಗಳು ತಳ್ಳಿಹಾಕುವಂತಿಲ್ಲ. ಸರ್ಕಾರದ ಆಜ್ಞೆಗಳು, ಸಂಸ್ಥೆಗಳ ನಡವಳಿಗಳು, ಖಾಸಗಿ ಪತ್ರಗಳು, ಎಲ್ಲವೂ ಈಗ ಯಂತ್ರದಲ್ಲಿಯೇ ಹುಟ್ಟುತ್ತಿವೆ; ಅವುಗಳ ಮೇಲೆ ಬೀಳುವ ತಾರೀಖಿನ ಮುದ್ರೆಯನ್ನು ಕೊಡುವುದು ಇದೇ ಗಡಿಯಾರ. ಮುಂದೆ ಈ ಕಾಲದ ಚರಿತ್ರೆಯನ್ನು ಬರೆಯತಕ್ಕವರು ಯಾವ ಸಾಕ್ಷಿಯನ್ನು ನೆಚ್ಚಬೇಕಾಗಿದೆಯೋ ಆ ಸಾಕ್ಷಿಯ ಪೂರ್ವೋತ್ತರಗಳನ್ನು ವಿಚಾರಿಸುವುದು ಅನುಚಿತವಲ್ಲ.

ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ಅಂಶ ಒಂದೇ. ಗಡಿಯಾರ ತಪ್ಪಿದ ಮಾತ್ರದಿಂದ ಯಂತ್ರ ನಿಲ್ಲುವುದಿಲ್ಲ. ಗಡಿಯಾರ ಹೇಳುವ ಕಾಲಕ್ಕೂ ಯಂತ್ರದ ಬೇರೊಂದು ಭಾಗದಲ್ಲಿ ಬರೆದಿಟ್ಟಿರುವ ಕಾಲಕ್ಕೂ ಹೊಂದಿಕೆಯಾಗದೆ, ಎರಡು ಸಾಕ್ಷ್ಯಗಳಲ್ಲಿ ಯಾವುದನ್ನು ನಂಬಬೇಕೆಂಬುದು ತೀರ್ಮಾನವಾಗದಿದ್ದಾಗ ಅದು ನಿಲ್ಲುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ಈ ನಂಬಿಕೆಯು ಮೊದಲು ಡಿಸ್ಕಿನ ಮೇಲೂ ಆಮೇಲೆ ಗಡಿಯಾರದ ಮೇಲೂ ಇದ್ದು, ಈಚೆಗೆ ಪುನಃ ಡಿಸ್ಕಿನ ಕಡೆಗೆ ತಿರುಗಿದೆ. ಈ ತಿರುವುಗಳನ್ನು ಅರಿಯದೆ ತೊಡಕನ್ನು ಬಿಡಿಸಹೊರಟವರು ಬಹುಮಟ್ಟಿಗೆ ಬ್ಯಾಟರಿಯನ್ನು ಬದಲಿಸಿ ಸುಮ್ಮನಾಗುತ್ತಾರೆ. ತೊಡಕು ಮಾತ್ರ ಮರುದಿನ ಮರಳಿ ಬರುತ್ತದೆ.

ಮೊದಲ ಘಟ್ಟದಿಂದ ಆರಂಭಿಸೋಣ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬುವರು ೧೯೬೯ರಿಂದ ಮೊದಲ್ಗೊಂಡು ರಚಿಸಿದ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಯಾವ ಯಂತ್ರಗಳ ಮೇಲೆ ಬೆಳೆಯಿತೋ ಅವುಗಳಲ್ಲಿ, ವಿದ್ಯುತ್ತು ನಿಂತ ಮೇಲೂ ನಡೆಯತಕ್ಕ ಗಡಿಯಾರವನ್ನು ಅದು ಅವಲಂಬಿಸಿರಲಿಲ್ಲ. ೧೯೭೧ರ ಕೈಪಿಡಿಯಂತೆ ಕಾಲವನ್ನು ಆ ವರ್ಷದ ಜನವರಿ ೧ರಿಂದ ಸೆಕೆಂಡಿನ ಅರವತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ಎಣಿಸುತ್ತಿದ್ದರು. ಮೂವತ್ತೆರಡು ಬಿಟ್ಟುಗಳ ಅಂಕೆಯಲ್ಲಿ ಈ ಲೆಕ್ಕ ಎರಡೂಕಾಲು ವರ್ಷಕ್ಕೆ ತುಂಬಿಹೋಗುತ್ತದೆ. ಆದುದರಿಂದ ಮುಂದೆ ಪೂರ್ಣ ಸೆಕೆಂಡುಗಳನ್ನು ೧೯೭೦ರ ಜನವರಿ ೧ರಿಂದ ಎಣಿಸುವ ಪದ್ಧತಿ ನೆಲೆಗೊಂಡಿತು. ೧೯೭೫ರ ಆರನೆಯ ಆವೃತ್ತಿಯಲ್ಲಿ ಚಾಲನೆಯ ಕ್ರಮ ಹೀಗಿದೆ: ಡಿಸ್ಕಿನ ಆದಿಯಲ್ಲಿ ಸೂಪರ್‌ಬ್ಲಾಕ್ ಎಂಬ ಮುಖಪತ್ರವುಂಟು, ಡಿಸ್ಕಿನ ಮೇಲೆ ಕೊನೆಯ ಬಾರಿ ಬರೆದ ಕಾಲವು ಅದರಲ್ಲಿ ದಾಖಲಾಗಿರುತ್ತದೆ. ಯಂತ್ರವು ಎದ್ದೊಡನೆ ಆ ಕಾಲವನ್ನೇ ಈಗಿನ ಕಾಲವೆಂದು ತಾತ್ಕಾಲಿಕವಾಗಿ ಅಂಗೀಕರಿಸುತ್ತದೆ. ಅನಂತರ ಯಂತ್ರವನ್ನು ನೋಡಿಕೊಳ್ಳುವಾತನು ತನ್ನ ಕೈಗಡಿಯಾರವನ್ನು ನೋಡಿ ಸರಿಯಾದ ಕಾಲವನ್ನು ಟೈಪು ಮಾಡುತ್ತಾನೆ. ಆತ ಮರೆತರೆ ಯಂತ್ರದ ಕಾಲ ಹಿಂದೆ ಬಿದ್ದಿರುತ್ತದೆ, ಆದರೆ ಡಿಸ್ಕಿನ ಸಾಕ್ಷ್ಯಕ್ಕೆ ವಿರುದ್ಧವಾಗಿ ಎಂದೂ ಹೋಗದು. ಸರಳವೂ ವಿವೇಕಯುತವೂ ಆದ ಈ ಏರ್ಪಾಡಿಗೆ ಸಲ್ಲಬೇಕಾದ ಪ್ರಶಂಸೆ ಸಂದಿಲ್ಲವೆಂದು ನನಗೆ ತೋರುತ್ತದೆ.

೧೯೮೧ರ ಆಗಸ್ಟಿನಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಪಿ.ಸಿ. ಎಂಬ ಮೇಜಿನ ಯಂತ್ರದಲ್ಲಿಯೂ ಬ್ಯಾಟರಿಯ ಗಡಿಯಾರವಿರಲಿಲ್ಲ. ಯಂತ್ರ ನಡೆಯುತ್ತಿರುವಷ್ಟು ಹೊತ್ತು ಮಾತ್ರ ಕಾಲವನ್ನು ಎಣಿಸುವ ಏರ್ಪಾಡಿದ್ದಿತು. ಅದರ ಬಡಿತ ಸೆಕೆಂಡಿಗೆ ಸುಮಾರು ೧೮.೨. ಈ ವಿಚಿತ್ರವಾದ ಸಂಖ್ಯೆಗೆ ಕಾರಣ ಕಾಲಗಣನೆಯಲ್ಲಿಲ್ಲ. ಅಮೆರಿಕದ ವರ್ಣ ದೂರದರ್ಶನಕ್ಕೆ ಬೇಕಾದ ಆವರ್ತದ ನಾಲ್ಕರಷ್ಟಿರುವ ಒಂದೇ ಹರಳಿನಿಂದ ಯಂತ್ರದ ಎಲ್ಲ ಬಡಿತಗಳನ್ನೂ ಪಡೆದುಕೊಂಡದ್ದರ ಫಲ ಅದು. ಮಿತವ್ಯಯಕ್ಕಾಗಿ ಮಾಡಿದ ಒಂದು ಆಯ್ಕೆ ಬೇರೊಂದು ಕಡೆ ಶಾಶ್ವತವಾದ ಗುರುತನ್ನು ಬಿಟ್ಟುಹೋಗುವುದಕ್ಕೆ ಇದೊಂದು ನಿದರ್ಶನ. ಈ ಯಂತ್ರದ ಡಾಸ್ ಎಂಬ ವ್ಯವಸ್ಥೆಯು ಎದ್ದೊಡನೆ ‘ಇಂದಿನ ತಾರೀಖು ೧-೧-೧೯೮೦, ಮಂಗಳವಾರ’ ಎಂಬರ್ಥದ ಸಾಲನ್ನು ತೋರಿಸಿ, ಸರಿಯಾದ ತಾರೀಖನ್ನು ಕೊಡಬೇಕೆಂದು ಕೇಳುತ್ತಿತ್ತು. ಬಳಕೆದಾರರು ಉತ್ತರವನ್ನು ಬರೆಯದೆ ಗುಂಡಿಯನ್ನೊತ್ತಿ ಮುಂದೆ ಹೋಗುವುದು ಸಾಮಾನ್ಯವಾಗಿದ್ದಿತು. ಸಾಲದುದಕ್ಕೆ, ಚಾಲನೆಯ ಆಜ್ಞೆಗಳನ್ನು ಒಂದು ಕಡತದಲ್ಲಿ ಮೊದಲೇ ಬರೆದಿಟ್ಟಿದ್ದರೆ ಡಾಸ್ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಹೀಗಾಗಿ ಆ ಕಾಲದ ಅಸಂಖ್ಯ ಕಡತಗಳು ೧೯೮೦ರ ಜನವರಿ ೧ ಎಂಬ, ಯಂತ್ರವೇ ಇನ್ನೂ ಹುಟ್ಟದಿದ್ದ ದಿನದ ಮುದ್ರೆಯನ್ನು ಹೊತ್ತುಕೊಂಡಿವೆ. ಡಾಸ್ ವ್ಯವಸ್ಥೆಗೆ ದೇಶಾಂತರಗಳ ಕಾಲಭೇದವಾಗಲಿ ಗ್ರೀನಿಚ್ ಕಾಲವಾಗಲಿ ತಿಳಿದಿರಲಿಲ್ಲ. ಬಳಕೆದಾರನು ಗೋಡೆಯ ಗಡಿಯಾರ ನೋಡಿ ಬರೆದ ಸ್ಥಳೀಯ ಕಾಲವೇ ಅದಕ್ಕೆ ಕಾಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

೧೯೮೪ರ ಆಗಸ್ಟಿನಲ್ಲಿ ಹೊರಬಂದ ಪಿ.ಸಿ. ಎ.ಟಿ. ಎಂಬ ಯಂತ್ರದೊಡನೆ ಎರಡನೆಯ ಘಟ್ಟ ಮೊದಲಾಗುತ್ತದೆ. ಅದರಲ್ಲಿ ಮೋಟೊರೋಲ ಸಂಸ್ಥೆಯ ಎಂ.ಸಿ. ೧೪೬೮೧೮ ಎಂಬ ಗಡಿಯಾರದ ಚಿಪ್ಪನ್ನು ಬ್ಯಾಟರಿಯೊಡನೆ ಕೂಡಿಸಿದ್ದರು. ಈ ಚಿಪ್ಪಿನೊಳಗೆ ಅರವತ್ತನಾಲ್ಕು ಬೈಟುಗಳಷ್ಟು ನೆನಪು ಇದ್ದು, ಹದಿನಾಲ್ಕು ಕಾಲಗಣನೆಗೂ ಅದರ ನಿಯಂತ್ರಣಕ್ಕೂ ಸಲ್ಲುತ್ತಿದ್ದುವು. ಉಳಿದ ಐವತ್ತು ಬೈಟುಗಳು ಬರಿದಾಗಿದ್ದುದರಿಂದ ಐ.ಬಿ.ಎಂ.ನ ತಂತ್ರಜ್ಞರು ಡಿಸ್ಕು ಯಾವ ಬಗೆಯದು, ನೆನಪಿನ ಅಳತೆ ಎಷ್ಟು ಎಂಬಂಥ ವಿವರಗಳನ್ನು ಅಲ್ಲಿಯೇ ಇಟ್ಟರು. ಗಡಿಯಾರಕ್ಕೂ ಯಂತ್ರದ ಸ್ವರೂಪದ ವಿವರಗಳಿಗೂ ಅಂದು ಒಂದೇ ಬ್ಯಾಟರಿಯ ಅನ್ನವಾಯಿತು. ಬ್ಯಾಟರಿ ಕುಂದಿದಾಗ ಯಂತ್ರವು ೧೬೧ ಎಂಬ ಸಂಕೇತವನ್ನು ತೋರಿಸಿ ವಿವರಗಳಿಲ್ಲವೆಂದೂ, ೧೬೩ ಎಂಬುದನ್ನು ತೋರಿಸಿ ಕಾಲವನ್ನು ಗೊತ್ತುಮಾಡಿಲ್ಲವೆಂದೂ ದೂರುತ್ತಿತ್ತು.

ಇಲ್ಲಿ ಕಾರ್ಯಕಾರಣಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಗಡಿಯಾರ ತಪ್ಪಿರುವುದನ್ನೂ ಯಂತ್ರ ಏಳದಿರುವುದನ್ನೂ ಒಟ್ಟಿಗೆ ಕಂಡವರು ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಭಾವಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ಅವೆರಡೂ ತಾಯಿ ಮಗುವಲ್ಲ, ಬ್ಯಾಟರಿಯೆಂಬ ಒಂದೇ ತಾಯಿಯ ಎರಡು ಮಕ್ಕಳು. ಬ್ಯಾಟರಿ ಬರಿದಾದೊಡನೆ ಡಿಸ್ಕನ್ನು ಓದತಕ್ಕ ವಿಧಾನವನ್ನು ಸೂಚಿಸುವ ವಿವರವೂ ಅಳಿಸಿ, ಕಾರ್ಖಾನೆಯಲ್ಲಿ ಗೊತ್ತುಮಾಡಿದ್ದ ಬೇರೆ ವಿಧಾನ ಜಾರಿಗೆ ಬರುತ್ತದೆ. ಆಗ ವಿಂಡೋಸ್ ತನ್ನ ಡಿಸ್ಕನ್ನೇ ಕಾಣಲಾರದೆ, ನೀಲಿಯ ಪರದೆಯ ಮೇಲೆ ೭ಬಿ ಎಂಬ ದೋಷಸಂಖ್ಯೆಯನ್ನು ತೋರಿಸಿ ನಿಲ್ಲುತ್ತದೆ. ಗಡಿಯಾರವನ್ನು ಎಷ್ಟು ಸರಿಪಡಿಸಿದರೂ ಅಂಥ ಯಂತ್ರ ಏಳದು. ಈಚಿನ ಬೋರ್ಡುಗಳಲ್ಲಿ ಅನೇಕವು ಈ ವಿವರಗಳನ್ನು ಬ್ಯಾಟರಿಯ ಹಂಗಿಲ್ಲದ ನೆನಪಿನಲ್ಲಿ ಇಡುತ್ತವೆ. ಅವುಗಳಲ್ಲಿ ಬ್ಯಾಟರಿ ಹೋದರೆ ನಷ್ಟವಾಗುವುದು ಕಾಲ ಮಾತ್ರ.

ಗಡಿಯಾರದ ಹೃದಯವೆಂದರೆ ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುವ ಕ್ವಾರ್ಟ್ಸ್ ಹರಳು. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಒಂದು ದೊರೆಯುವುದರಿಂದ ಸೆಕೆಂಡನ್ನು ಪಡೆಯುವುದು ಸುಲಭ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇಂಥ ಹರಳುಗಳಲ್ಲಿ ಅಸಾಧಾರಣವಲ್ಲ. ದಿನಕ್ಕೆ ಅದು ೧.೭ ಸೆಕೆಂಡು, ವರ್ಷಕ್ಕೆ ಹತ್ತೂವರೆ ನಿಮಿಷ. ಉಷ್ಣತೆಯು ಸುಮಾರು ೨೫ ಡಿಗ್ರಿಯಿಂದ ಯಾವ ಕಡೆಗೆ ದೂರ ಸರಿದರೂ ಹರಳು ನಿಧಾನವಾಗುತ್ತದೆ. ಬ್ಯಾಟರಿಯಾದರೋ ಇಂದು ಸಾಮಾನ್ಯವಾಗಿ ನಾಣ್ಯದಾಕಾರದ, ಮೂರು ವೋಲ್ಟಿನ ಸಿ.ಆರ್. ೨೦೩೨ ಎಂಬ ಲಿಥಿಯಂ ಬಿಲ್ಲೆ. ನಡುವೆ ಒಂದು ಕಾಲದಲ್ಲಿ ಡಲ್ಲಾಸ್ ಸೆಮಿಕಂಡಕ್ಟರ್ ಸಂಸ್ಥೆಯವರು ಗಡಿಯಾರ, ಹರಳು, ಬ್ಯಾಟರಿ ಮೂರನ್ನೂ ಒಂದೇ ಕರಿಯ ಪೆಟ್ಟಿಗೆಯಲ್ಲಿ ಮುದ್ರೆಹಾಕಿ ಮಾರುತ್ತಿದ್ದರು. ಒಳಗಿನ ಬ್ಯಾಟರಿ ಸತ್ತ ಮೇಲೆ ಆ ಪೆಟ್ಟಿಗೆಯನ್ನೇ ಕಿತ್ತು ಬದಲಿಸಬೇಕು, ಇಲ್ಲವೆ ಅದನ್ನು ಕೊರೆದು ಹೊರಗಿನಿಂದ ತಂತಿ ಕೊಡಬೇಕು. ಹಳೆಯ ಯಂತ್ರಗಳನ್ನು ಕಾಪಾಡುವ ವಸ್ತುಸಂಗ್ರಹಾಲಯಗಳಿಗೆ ಇದೊಂದು ಕಂಟಕವೇ ಸರಿ.

ಹರಳು ಬ್ಯಾಟರಿಗಳ ದೋಷವೇ ಇಲ್ಲದೆ, ಕೇವಲ ವ್ಯಾಖ್ಯಾನಭೇದದಿಂದ ಹುಟ್ಟಿದ ತೊಡಕು ಇನ್ನೂ ಸ್ವಾರಸ್ಯವಾದುದು. ಗಡಿಯಾರದ ಚಿಪ್ಪಿನಲ್ಲಿ ಗಂಟೆ, ನಿಮಿಷ, ದಿನ, ತಿಂಗಳು, ವರ್ಷಗಳಿವೆಯೇ ಹೊರತು ಅದು ಯಾವ ದೇಶದ ಕಾಲವೆಂದು ಹೇಳುವ ಸ್ಥಳವಿಲ್ಲ. ಡಾಸ್‌ನ ವಂಶಕ್ಕೆ ಸೇರಿದ ವಿಂಡೋಸ್ ಅದನ್ನು ಸ್ಥಳೀಯ ಕಾಲವೆಂದು ಓದುತ್ತದೆ. ಯೂನಿಕ್ಸ್‌ನ ಸಂಪ್ರದಾಯದಲ್ಲಿ ೧೯೯೧ರಲ್ಲಿ ಹುಟ್ಟಿದ ಲಿನಕ್ಸ್ ಅದನ್ನು ಗ್ರೀನಿಚ್ ಕಾಲವೆಂದು ಓದುವುದನ್ನು ಬಯಸುತ್ತದೆ. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಂಡವರ ಪಾಡು, ಒಂದೇ ಶಾಸನದ ಶಕವರ್ಷವನ್ನು ಒಬ್ಬರು ಗತವರ್ಷವೆಂದೂ ಇನ್ನೊಬ್ಬರು ಪ್ರವರ್ತಮಾನ ವರ್ಷವೆಂದೂ ಎಣಿಸಿದಂತೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಈ ಎರಡು ಓದುಗಳಿಗೂ ವ್ಯತ್ಯಾಸವೇ ಇಲ್ಲ. ನಮ್ಮಲ್ಲಿಯೋ, ೧೯೦೬ರ ಜನವರಿ ೧ರಂದು ಜಾರಿಗೆ ಬಂದ ಭಾರತೀಯ ಪ್ರಮಾಣಕಾಲವು ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ, ವ್ಯತ್ಯಾಸ ವರ್ಷದ ಎಲ್ಲ ದಿನಗಳಲ್ಲಿಯೂ ಅಷ್ಟೇ. ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಯಂತ್ರವೊಂದರ ಕಾಲವು ಸರಿಯಾಗಿ ಐದು ಗಂಟೆ ಮೂವತ್ತು ನಿಮಿಷ ತಪ್ಪಿದ್ದರೆ ಬ್ಯಾಟರಿಯನ್ನು ಶಂಕಿಸುವುದು ವ್ಯರ್ಥ. ಕುಂದುತ್ತಿರುವ ಬ್ಯಾಟರಿ ಅಷ್ಟು ಲೆಕ್ಕಾಚಾರದಿಂದ ತಪ್ಪುವುದಿಲ್ಲ.

ಈ ವ್ಯಾಖ್ಯಾನಭೇದವು ಚಾಲನೆಯನ್ನು ಹೇಗೆ ತಡೆಯಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಲಿನಕ್ಸಿನ ಎಕ್ಸ್ಟ್ ಎಂಬ ವರ್ಗದ ಡಿಸ್ಕುಗಳ ಮುಖಪತ್ರದಲ್ಲಿ ಮೂರು ಕಾಲಗಳು ದಾಖಲಾಗಿರುತ್ತವೆ: ಡಿಸ್ಕನ್ನು ಕೊನೆಯ ಬಾರಿ ಬಳಕೆಗೆ ತೆಗೆದುಕೊಂಡದ್ದು, ಅದರ ಮೇಲೆ ಕೊನೆಯ ಬಾರಿ ಬರೆದದ್ದು, ಕೊನೆಯ ಬಾರಿ ಅದನ್ನು ಪರೀಕ್ಷಿಸಿದ್ದು. ಪರೀಕ್ಷಕ ತಂತ್ರಾಂಶವು ಚಾಲನೆಯ ಸಮಯದಲ್ಲಿ ಇವುಗಳನ್ನು ಗಡಿಯಾರದೊಡನೆ ಹೋಲಿಸುತ್ತದೆ. ಗಡಿಯಾರವು ಭಾರತದ ಬೆಳಗಿನ ಒಂಬತ್ತು ಗಂಟೆಯನ್ನು ತೋರಿಸುತ್ತಿದೆಯೆಂದು ಇಟ್ಟುಕೊಳ್ಳೋಣ. ಅದನ್ನು ಗ್ರೀನಿಚ್ ಕಾಲವೆಂದು ತಪ್ಪಾಗಿ ಓದಿದ ವ್ಯವಸ್ಥೆಗೆ ನಮ್ಮಲ್ಲಿ ಆಗಲೇ ಮಧ್ಯಾಹ್ನ ಎರಡೂವರೆ. ಈ ತಪ್ಪನ್ನು ಚಾಲನೆಯ ಮುಂದಿನ ಹಂತವೊಂದರಲ್ಲಿ ತಿದ್ದುವ ಏರ್ಪಾಡು ಇದ್ದರೂ, ತಿದ್ದುವುದಕ್ಕೆ ಮೊದಲೇ ಡಿಸ್ಕಿನ ಮೇಲೆ ಯಾವ ಮುದ್ರೆ ಬಿದ್ದರೂ ಅದು ಎರಡೂವರೆಯದಾಗಿರುತ್ತದೆ. ತಿದ್ದಿದ ಮೇಲೆ ಒಂಬತ್ತು ಗಂಟೆಯ ಯಂತ್ರವು ಎರಡೂವರೆಯ ಮುದ್ರೆಯನ್ನು ಕಂಡು, ಡಿಸ್ಕಿನ ಕಾಲವು ಭವಿಷ್ಯತ್ತಿನಲ್ಲಿದೆಯೆಂದೂ ಇದು ಅನಿರೀಕ್ಷಿತವಾದ ಅಸಾಂಗತ್ಯವೆಂದೂ ಸಾರಿ, ಕೈಯಿಂದಲೇ ಪರೀಕ್ಷೆ ನಡೆಸಬೇಕೆಂದು ತಿಳಿಸಿ ನಿಂತುಬಿಡುತ್ತಿತ್ತು.

ಗ್ರೀನಿಚ್ಚಿನ ಪಶ್ಚಿಮದವರಿಗೆ ಇದೇ ತಪ್ಪು ಬೇರೆ ರೂಪದಲ್ಲಿ ಎದುರಾಗುತ್ತದೆಂಬುದನ್ನು ತರ್ಕದಿಂದಲೇ ತಿಳಿಯಬಹುದು. ಐದು ಗಂಟೆ ಹಿಂದಿರುವ ನ್ಯೂಯಾರ್ಕಿನಲ್ಲಿ ಸ್ಥಳೀಯ ಒಂಬತ್ತನ್ನು ಗ್ರೀನಿಚ್ಚಿನ ಒಂಬತ್ತೆಂದು ಓದಿದರೆ ಯಂತ್ರವು ಐದು ಗಂಟೆ ಭೂತಕಾಲಕ್ಕೆ ಸರಿಯುತ್ತದೆ. ಕೆಲಸದ ನಡುವೆ ಯಂತ್ರವನ್ನು ನಿಲ್ಲಿಸಿ ಕೂಡಲೇ ಎಬ್ಬಿಸಿದವನಿಗೆ ಡಿಸ್ಕಿನ ಕೊನೆಯ ಬರಹ ಭವಿಷ್ಯದ್ದಾಗಿ ಕಾಣುವುದು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಎಬ್ಬಿಸಿದವನಿಗೆ ಐದು ಗಂಟೆಗಿಂತ ಹೆಚ್ಚು ಕಾಲ ಕಳೆದಿರುವುದರಿಂದ ಏನೂ ಕಾಣದು. ಪೂರ್ವದವರಿಗೆ ಇಂಥ ರಾತ್ರಿಯ ವಿನಾಯಿತಿಯಿಲ್ಲ, ಏಕೆಂದರೆ ಅವರ ತಪ್ಪು ಅದೇ ಚಾಲನೆಯಲ್ಲಿ ಹುಟ್ಟಿ ಅದೇ ಚಾಲನೆಯಲ್ಲಿ ಬೆಳಕಿಗೆ ಬರುತ್ತದೆ. ಒಂದೇ ದೋಷವು ಭೂಗೋಳದ ಒಂದು ಪಾರ್ಶ್ವದಲ್ಲಿ ಹಟದ ರೋಗವಾಗಿಯೂ ಇನ್ನೊಂದರಲ್ಲಿ ಆಗಾಗ ಕಾಣುವ ರೋಗವಾಗಿಯೂ ವರ್ತಿಸಿದಾಗ, ಎರಡು ಕಡೆಯ ತಜ್ಞರಿಗೆ ಪರಸ್ಪರರ ದೂರು ಅರ್ಥವಾಗಲು ತಡವಾದರೆ ಆಶ್ಚರ್ಯವಿಲ್ಲ.

ಇದಕ್ಕಿಂತಲೂ ಕೌತುಕದ ಸಂದೇಶವೊಂದುಂಟು. ಗಡಿಯಾರ ಹಿಂದೆ ಬಿದ್ದ ಯಂತ್ರಗಳಲ್ಲಿ ‘ಈ ಡಿಸ್ಕು ೪೯,೭೧೦ ದಿನಗಳಿಂದ ಪರೀಕ್ಷೆಯಾಗಿಲ್ಲ’ ಎಂಬ ಹೇಳಿಕೆ ಕಾಣಿಸಿಕೊಳ್ಳುತ್ತಿತ್ತು. ಅಷ್ಟು ದಿನಗಳೆಂದರೆ ನೂರಮೂವತ್ತಾರು ವರ್ಷ! ಈಗಿನ ಕಾಲದಿಂದ ಮುಂದಿನ ಕಾಲವೊಂದನ್ನು ಕಳೆದಾಗ ಋಣಸಂಖ್ಯೆ ಬರಬೇಕು. ಋಣಸಂಖ್ಯೆಗೆ ಎಡೆಯಿಲ್ಲದ ಮೂವತ್ತೆರಡು ಬಿಟ್ಟುಗಳ ಲೆಕ್ಕದಲ್ಲಿ ಅದು ಅತಿದೊಡ್ಡ ಧನಸಂಖ್ಯೆಯಾಗಿ ಹೊರಬರುತ್ತದೆ. ಎರಡರ ಮೂವತ್ತೆರಡನೆಯ ಘಾತದಷ್ಟು ಸೆಕೆಂಡುಗಳನ್ನು ದಿನಗಳಿಗೆ ಇಳಿಸಿದರೆ ದೊರೆಯುವುದು ಇದೇ ೪೯,೭೧೦. ದೊಡ್ಡ ಡಿಸ್ಕುಗಳಲ್ಲಿ ಈ ಒಂದು ಸಾಲಿನಿಂದಾಗಿ ಬಲವಂತದ ಪರೀಕ್ಷೆ ನಡೆದು ಯಂತ್ರ ಏಳಲು ಬಹಳ ಹೊತ್ತು ಹಿಡಿಯುತ್ತಿತ್ತು.

ಪರೀಕ್ಷಕ ತಂತ್ರಾಂಶವನ್ನು ರಚಿಸಿದವರು ಇದಕ್ಕೆ ಕಂಡುಕೊಂಡ ಪರಿಹಾರದಲ್ಲಿಯೇ ಒಂದು ಚರಿತ್ರೆಯಿದೆ. ಚಾಲನೆಯ ಆಜ್ಞೆಗಳು ದೋಷಯುಕ್ತವಾಗಿರುವ ಕಡೆಗಳಲ್ಲಿ ಮಾತ್ರ ಮುಖಪತ್ರದ ಕಾಲವು ಇಪ್ಪತ್ತನಾಲ್ಕು ಗಂಟೆಯವರೆಗೆ ತಪ್ಪಿದ್ದರೂ ಕ್ಷಮಿಸತಕ್ಕದ್ದೆಂಬ ವಿನಾಯಿತಿಯನ್ನು ಮೊದಲು ಕೊಟ್ಟರು. ಆ ವಿನಾಯಿತಿಯ ಹೆಸರಿನಲ್ಲಿಯೇ ‘ದೋಷಯುಕ್ತ’ ಎಂಬ ಬೈಗುಳವಿದ್ದಿತು. ತರುವಾಯ ಅದನ್ನೇ ಸಾಮಾನ್ಯ ನಿಯಮವನ್ನಾಗಿ ಮಾಡಿ, ‘ಕಾಲದ ಹೊಂದಾಣಿಕೆಯನ್ನು ಒಪ್ಪುವುದು’ ಎಂಬರ್ಥದ ಸೌಮ್ಯವಾದ ಹೆಸರನ್ನಿಟ್ಟರು. ಹಳೆಯ ಹೆಸರನ್ನು ಪರ್ಯಾಯವಾಗಿ ಉಳಿಸಿಕೊಂಡಿದ್ದಾರೆ. ಗಡಿಯಾರವನ್ನು ಸಂಪೂರ್ಣ ನಂಬಲಾಗದ ಯಂತ್ರಗಳಿಗಾಗಿ ಕಾಲದ ಪರೀಕ್ಷೆಗಳನ್ನೇ ಬಿಟ್ಟುಬಿಡುವ ಇನ್ನೊಂದು ಅವಕಾಶವನ್ನೂ ಕಲ್ಪಿಸಿದರು. ಹೆಸರಿನ ಈ ಬದಲಾವಣೆಯನ್ನು ಗಮನಿಸಿದರೆ ಗಡಿಯಾರದ ಪ್ರಾಮಾಣ್ಯ ಯಾವಾಗ ಕುಸಿಯಿತೆಂಬುದು ತಿಳಿಯುತ್ತದೆ. ಅಪವಾದವಾಗಿದ್ದ ತಪ್ಪುಗಡಿಯಾರ ನಿಯಮದೊಳಕ್ಕೆ ಬಂದದ್ದು ಆಗಲೇ.

ವರ್ಷವನ್ನು ಎರಡೇ ಅಂಕೆಗಳಲ್ಲಿ ಬರೆಯುವ ೧೯೮೪ರ ಪದ್ಧತಿಯಿಂದ ೨೦೦೦ದ ಹೊಸ್ತಿಲಲ್ಲಿ ಉಂಟಾದ ಗಾಬರಿ ಸುಪ್ರಸಿದ್ಧವಾದುದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ. ಅಷ್ಟಾಗಿ ಪ್ರಸಿದ್ಧಿಗೆ ಬಾರದ ಎರಡು ಪ್ರಸಂಗಗಳನ್ನು ಮಾತ್ರ ಹೇಳುತ್ತೇನೆ. ೨೦೧೦ರ ಮಾರ್ಚ್ ೧ರಂದು ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೩ ಎಂಬ ಆಟದ ಯಂತ್ರದ ಹಳೆಯ ಮಾದರಿಗಳು ಜಾಲವನ್ನು ಸೇರಲಾರದೆ ಹೋದುವು, ಅನೇಕ ಆಟಗಳು ಆರಂಭವಾಗಲಿಲ್ಲ. ಒಳಗಡಿಯಾರವು ೨೦೧೦ನ್ನು ಅಧಿಕವರ್ಷವೆಂದು ಭಾವಿಸಿ ಫೆಬ್ರವರಿ ೨೯ನ್ನು ಎಣಿಸಿತೆಂದು ಸಂಸ್ಥೆಯೇ ತಿಳಿಸಿತು; ಗಡಿಯಾರವು ಆ ಇಲ್ಲದ ದಿನವನ್ನು ದಾಟಿದ ಮೇಲೆ ತೊಡಕು ತಾನಾಗಿ ಬಿಟ್ಟಿತು. ಗಡಿಯಾರದ ಚಿಪ್ಪುಗಳು ಹತ್ತು ಎಂಬುದನ್ನು ಒಂದು ಮತ್ತು ಸೊನ್ನೆ ಎಂಬ ಎರಡು ಬಿಡಿ ಅಂಕೆಗಳಾಗಿ ಬರೆದಿಡುವುದುಂಟು. ಅದನ್ನು ಒಂದೇ ಸಂಖ್ಯೆಯೆಂದು ಓದಿದರೆ ಹದಿನಾರು ಆಗುತ್ತದೆ, ಹದಿನಾರು ನಾಲ್ಕರಿಂದ ಭಾಗವಾಗುತ್ತದೆ. ಇದೇ ಮೂಲಕಾರಣವಿರಬಹುದೆಂದು ಅನೇಕರು ಊಹಿಸಿದ್ದಾರೆ, ಊಹೆ ಸಂಭವನೀಯವಾಗಿದೆ. ಎರಡನೆಯದು ೨೦೧೬ರ ಫೆಬ್ರವರಿಯದು. ಆಪಲ್ ಸಂಸ್ಥೆಯ ಕೆಲವು ಫೋನುಗಳ ತಾರೀಖನ್ನು ೧೯೭೦ರ ಮೇ ತಿಂಗಳಿಗೋ ಅದಕ್ಕೂ ಹಿಂದಕ್ಕೋ ಸರಿಸಿ ನಿಲ್ಲಿಸಿದರೆ ಅವು ಪುನಃ ಏಳುತ್ತಿರಲಿಲ್ಲ. ಮುಂದಿನ ತಿಂಗಳು ಹೊರಬಂದ ೯.೩ನೆಯ ಆವೃತ್ತಿಯಲ್ಲಿ ಇದನ್ನು ನಿವಾರಿಸಿದರು. ಯೂನಿಕ್ಸಿನ ಶಕಾರಂಭಕ್ಕೆ ಹಿಂದೆ ಕಾಲವಿರಲಾರದೆಂಬ ೧೯೭೦ರ ದಶಕದ ನಂಬಿಕೆ ಜೇಬಿನ ಫೋನಿನವರೆಗೂ ಬಂದಿರುವುದು ಇಲ್ಲಿ ಸ್ಪಷ್ಟ.

ಜಾಲದಿಂದ ಸರಿಯಾದ ಕಾಲವನ್ನು ತರಿಸಿಕೊಳ್ಳಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಡೆಲವೇರ್ ವಿಶ್ವವಿದ್ಯಾನಿಲಯದ ಡೇವಿಡ್ ಮಿಲ್ಸ್ ಅವರ ಕಾಲಸಂವಾದದ ನಿಯಮಾವಳಿ ಎನ್.ಟಿ.ಪಿ. ಎಂಬ ಹೆಸರಿನಿಂದ ೧೯೮೫ರಲ್ಲಿ ಪ್ರಕಟವಾಗಿ, ಅಂದಿನಿಂದ ಜಗತ್ತಿನ ಯಂತ್ರಗಳನ್ನು ಒಂದು ಹೆಜ್ಜೆಯಲ್ಲಿ ನಡೆಸುತ್ತ ಬಂದಿದೆ. ಆದರೆ ಆ ತಂತ್ರಾಂಶವು ತೀರ ದೊಡ್ಡ ತಪ್ಪನ್ನು ತಿದ್ದಲು ಅಂಜುತ್ತದೆ. ವ್ಯತ್ಯಾಸ ಸಾವಿರ ಸೆಕೆಂಡುಗಳನ್ನು ಮೀರಿದರೆ, ಬೇರೆ ಆಜ್ಞೆಯಿಲ್ಲದ ಪಕ್ಷದಲ್ಲಿ, ತಿದ್ದದೆ ನಿರ್ಗಮಿಸುವುದು ಅದರ ಮೂಲನಿಯಮ. ಇನ್ನೂ ಕಠಿನವಾದುದು ಸುರಕ್ಷತೆಯ ಚಕ್ರವ್ಯೂಹ. ಜಾಲದ ಮೇಲಿನ ಪ್ರಮಾಣಪತ್ರಗಳಿಗೆ ಆರಂಭದ ತಾರೀಖೂ ಮುಕ್ತಾಯದ ತಾರೀಖೂ ಇರುತ್ತವೆ. ೧೯೮೦ರಲ್ಲಿರುವ ಯಂತ್ರಕ್ಕೆ ಅವುಗಳಲ್ಲಿ ಒಂದೂ ಇನ್ನೂ ಹುಟ್ಟಿರುವುದಿಲ್ಲ. ಕಾಲವನ್ನು ಹೇಳುವ ಯಂತ್ರದ ಹೆಸರನ್ನು ವಿಳಾಸವಾಗಿ ಮಾರ್ಪಡಿಸಿಕೊಳ್ಳಬೇಕಷ್ಟೆ; ಆ ವಿಳಾಸಪಟ್ಟಿಗೆ ಹಾಕಿರುವ ರುಜುಗಳಿಗೂ ಇಂಥದೇ ಅವಧಿಯುಂಟು. ರುಜುವನ್ನು ಪರೀಕ್ಷಿಸಲು ಕಾಲ ತಿಳಿದಿರಬೇಕು, ಕಾಲವನ್ನು ತಿಳಿಯಲು ರುಜುವಿನ ಪರೀಕ್ಷೆ ಮುಗಿದಿರಬೇಕು. ಕಚೇರಿಗಳ ಜಾಲಗಳಲ್ಲಿ ಬಳಸುವ ಕೆರ್ಬೆರೋಸ್ ಪದ್ಧತಿಯು ಸಾಮಾನ್ಯವಾಗಿ ಐದು ನಿಮಿಷಗಳ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ. ಅದನ್ನು ಮೀರಿದ ಯಂತ್ರದಿಂದ ನೌಕರನು ತನ್ನ ಗುಪ್ತಪದವನ್ನು ಎಷ್ಟು ಸರಿಯಾಗಿ ಬರೆದರೂ ಪ್ರವೇಶ ದೊರೆಯದೆ ಹೋಗಬಹುದು.

ಮೂರನೆಯ ಘಟ್ಟವು ಅಗ್ಗದ ಸಣ್ಣ ಯಂತ್ರಗಳೊಡನೆ ಬಂದಿತು. ೨೦೧೨ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಹೊರಟ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದಲ್ಲಿ, ಬೆಲೆಯನ್ನು ತಗ್ಗಿಸುವುದಕ್ಕಾಗಿ, ಬ್ಯಾಟರಿಯ ಗಡಿಯಾರವನ್ನು ಕೈಬಿಟ್ಟಿದ್ದರು. ೨೦೨೩ರ ಐದನೆಯ ಮಾದರಿಯಲ್ಲಿ ಮಾತ್ರ ಅದು ಮರಳಿ ಬಂದಿತು, ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು. ನಡುವಣ ವರ್ಷಗಳಲ್ಲಿ ‘ಕೃತಕ ಗಡಿಯಾರ’ ಎಂಬರ್ಥದ ಹೆಸರಿನ ಪುಟ್ಟ ತಂತ್ರಾಂಶವೊಂದು ಯಂತ್ರವನ್ನು ನಿಲ್ಲಿಸುವಾಗ ಆಗಿನ ಕಾಲವನ್ನು ಒಂದು ಕಡತದಲ್ಲಿ ಬರೆದಿಟ್ಟು, ಎಬ್ಬಿಸುವಾಗ ಅಲ್ಲಿಂದಲೇ ಮುಂದುವರಿಸುತ್ತಿತ್ತು. ೧೯೭೫ರ ಯೂನಿಕ್ಸ್ ಮಾಡುತ್ತಿದ್ದುದೂ ತತ್ತ್ವತಃ ಇದನ್ನೇ. ಇಂದಿನ ಬಹುಪಾಲು ಲಿನಕ್ಸ್ ಯಂತ್ರಗಳ ಚಾಲನೆಯನ್ನು ನಿರ್ವಹಿಸುವ ಸಿಸ್ಟಮ್‌ಡಿ ಎಂಬ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ತನ್ನನ್ನು ನಿರ್ಮಿಸಿದ ದಿನಕ್ಕಿಂತ ಹಿಂದಿನ ಯಾವ ಕಾಲವನ್ನು ಗಡಿಯಾರ ಹೇಳಿದರೂ ಅದನ್ನು ತಿರಸ್ಕರಿಸಿ ಕಾಲವನ್ನು ಆ ದಿನದವರೆಗಾದರೂ ಮುಂದೆ ತರುತ್ತದೆ. ಕವಿಯೊಬ್ಬನು ಸ್ಮರಿಸುವ ಪೂರ್ವಕವಿಗಳಿಂದ ಆತನ ಕಾಲದ ಪೂರ್ವಮಿತಿಯನ್ನು ಗೊತ್ತುಮಾಡುವ ವಿಧಾನವು ನಮ್ಮ ಸಾಹಿತ್ಯಚರಿತ್ರೆಗೆ ಬಹುಕಾಲದಿಂದ ಪರಿಚಿತ. ಯಂತ್ರವೂ ಅದೇ ನ್ಯಾಯವನ್ನು ಅನುಸರಿಸುತ್ತಿರುವುದನ್ನು ಕಂಡಾಗ ಈ ಲೇಖಕನಿಗೆ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ.

ಮೇಲ್ಕಂಡ ವಿವೇಚನೆಯಿಂದ ತೊಡಕನ್ನು ಪತ್ತೆಹಚ್ಚುವ ಕ್ರಮವೂ ತಾನಾಗಿ ಹೊರಡುತ್ತದೆ. ಯಂತ್ರವು ನಿಂತಿರುವಾಗ ಮಾತ್ರ ಕಾಲ ತಪ್ಪಿ, ನಡೆಯುವಾಗ ಸರಿಯಾಗಿದ್ದರೆ ಬ್ಯಾಟರಿಯನ್ನು ಶಂಕಿಸಬೇಕು; ತಾರೀಖು ದಶಕಗಳಷ್ಟು ಹಿಂದೆ ಜಿಗಿದಿದ್ದರೆ ಶಂಕೆ ದೃಢವಾಗುತ್ತದೆ. ಪೂರ್ಣ ಗಂಟೆ ಅರ್ಧ ಗಂಟೆಗಳ ಲೆಕ್ಕದಲ್ಲಿ ತಪ್ಪಿದ್ದರೆ ಅದು ವ್ಯಾಖ್ಯಾನದ ತಪ್ಪು. ಎರಡು ವ್ಯವಸ್ಥೆಗಳಿಗೂ ಒಂದೇ ಓದನ್ನು ಕಲಿಸಬೇಕು. ದಿನಕ್ಕೆ ಒಂದೆರಡು ಸೆಕೆಂಡು ತಪ್ಪಿದರೆ ಅದು ಹರಳಿನ ಸ್ವಭಾವ, ಚಾಲನೆಗೆ ಅದರಿಂದ ಬಾಧೆಯಿಲ್ಲ. ಚಿಕಿತ್ಸೆಯ ಅನುಕ್ರಮವೂ ಮುಖ್ಯ. ಮೊದಲು ಬಯಾಸ್ ಎಂಬ ಮೂಲತಂತ್ರಾಂಶದ ಪುಟಕ್ಕೆ ಹೋಗಿ ಗಡಿಯಾರವನ್ನೂ, ಅಳಿಸಿಹೋಗಿರಬಹುದಾದ ಡಿಸ್ಕಿನ ವಿವರಗಳನ್ನೂ ಸರಿಪಡಿಸಿ, ಆಮೇಲೆ ಡಿಸ್ಕಿನ ಪರೀಕ್ಷೆಗೆ ಎಡೆಗೊಟ್ಟು, ಕೊನೆಯಲ್ಲಿ ಜಾಲದ ಕಾಲವನ್ನು ತರಿಸಿಕೊಳ್ಳತಕ್ಕದ್ದು. ತಪ್ಪುಗಡಿಯಾರವನ್ನು ಹಾಗೆಯೇ ಇಟ್ಟುಕೊಂಡು ಮೊದಲು ಡಿಸ್ಕನ್ನು ‘ದುರಸ್ತಿ’ ಮಾಡಿಸಿದರೆ, ಸರಿಯಾಗಿದ್ದ ಮುದ್ರೆಗಳ ಮೇಲೆ ತಪ್ಪು ಮುದ್ರೆಗಳನ್ನು ಒತ್ತಿದಂತಾಗುತ್ತದೆ.

ಚರಿತ್ರಕಾರರಿಗೆ ಇದರಲ್ಲಿ ಆತಂಕದ ವಿಷಯವಿರುವುದು ಇಲ್ಲಿಯೇ. ತ್ರಿಭುವನಮಲ್ಲ ವಿಕ್ರಮಾದಿತ್ಯನು ೧೦೭೬ರಲ್ಲಿ ಶಕವರ್ಷವನ್ನು ಬದಿಗಿರಿಸಿ ಚಾಳುಕ್ಯವಿಕ್ರಮ ವರ್ಷವನ್ನು ಸ್ಥಾಪಿಸಿದಂತೆ ಯಂತ್ರನಿರ್ಮಾಪಕರೂ ತಮ್ಮ ತಮ್ಮ ಶಕೆಗಳನ್ನು ಸ್ಥಾಪಿಸಿದ್ದಾರೆ. ಡಾಸ್‌ನದು ೧೯೮೦, ಯೂನಿಕ್ಸಿನದು ೧೯೭೦, ಹಳೆಯ ಮೆಕಿಂಟಾಷಿನದು ೧೯೦೪, ವಿಂಡೋಸ್ ಎನ್.ಟಿ.ಯದು ೧೬೦೧, ವಿ.ಎಂ.ಎಸ್. ವ್ಯವಸ್ಥೆಯದು ೧೮೫೮ರ ನವೆಂಬರ್ ೧೭. ಈ ದಿನಗಳ ಮುದ್ರೆಯಿರುವ ಕಡತವು ಆ ದಿನದ್ದಲ್ಲ. ಗಡಿಯಾರವಿಲ್ಲದ ಅಥವಾ ಗಡಿಯಾರ ಕೆಟ್ಟ ಯಂತ್ರದ್ದೆಂಬುದು ಬಹುಮಟ್ಟಿಗೆ ನಿಶ್ಚಿತ. ಹೀಗೆ ಎದ್ದುಕಾಣುವ ತಪ್ಪುಗಳು ಅಪಾಯಕರವಲ್ಲ. ಕೀಲ್‌ಹಾರ್ನ್ ಮೊದಲಾದ ವಿದ್ವಾಂಸರು ಶಾಸನಗಳ ತಿಥಿವಾರಗಳನ್ನು ಗಣಿಸಿ ಹೊಂದದವುಗಳನ್ನು ಬೇರ್ಪಡಿಸಿದರು. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗಕೋಶ ೧೯೨೨ರಲ್ಲಿ ಬಂದ ಮೇಲೆ ಆ ಕೆಲಸ ಎಲ್ಲರಿಗೂ ಸಾಧ್ಯವಾಯಿತು. ಶಾಸನದ ತಾರೀಖಿನಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳು ಒಂದನ್ನೊಂದು ಕಾಯುತ್ತವೆ. ಕಡತದ ಮುದ್ರೆಯೋ ಒಂಟಿ ಸಂಖ್ಯೆ, ಅದನ್ನು ಕಾಯುವವರಿಲ್ಲ. ಆರು ತಿಂಗಳು ಹಿಂದೆ ಬಿದ್ದ ಗಡಿಯಾರದ ಮುದ್ರೆ ಸರಿಯಾದ ಮುದ್ರೆಯಂತೆಯೇ ಕಾಣುತ್ತದೆ. ಅಲ್ಲದೆ ಡಾಸ್‌ನ ಕಾಲದಿಂದ ಬಂದ ಫ್ಯಾಟ್ ಎಂಬ ಡಿಸ್ಕುಕ್ರಮದಲ್ಲಿ ಸ್ಥಳೀಯ ಕಾಲವನ್ನು ಎರಡು ಸೆಕೆಂಡಿನ ಸೂಕ್ಷ್ಮತೆಗೆ ಬರೆಯುತ್ತಾರೆಯೇ ಹೊರತು ಯಾವ ಸ್ಥಳವೆಂಬುದನ್ನು ಬರೆಯುವುದಿಲ್ಲ.

ಆದುದರಿಂದ ಹಳೆಯ ಗಣಕವೊಂದು ಪತ್ರಾಗಾರಕ್ಕೆ ಬಂದಾಗ ಅದರ ಡಿಸ್ಕನ್ನು ಬಿಚ್ಚಿ ಪ್ರತಿ ತೆಗೆದುಕೊಂಡರೆ ಸಾಲದು. ಅಪರಾಧ ತನಿಖೆಯ ತಜ್ಞರು ಡಿಸ್ಕನ್ನು ಬೇರ್ಪಡಿಸಿ, ಯಂತ್ರವನ್ನು ಮೂಲತಂತ್ರಾಂಶದ ಪುಟದವರೆಗೆ ಮಾತ್ರ ಎಬ್ಬಿಸಿ, ಗಡಿಯಾರ ತೋರಿಸುವ ಕಾಲವನ್ನೂ ಆ ಕ್ಷಣದ ನಿಜವಾದ ಕಾಲವನ್ನೂ ಜೊತೆಜೊತೆಯಾಗಿ ಬರೆದುಕೊಳ್ಳುತ್ತಾರೆ. ಪತ್ರಾಗಾರದವರೂ ಇದನ್ನೇ ಮಾಡಬೇಕು. ಬ್ಯಾಟರಿಯನ್ನು ಅದಕ್ಕೆ ಮುಂಚೆ ತೆಗೆಯಬಾರದು. ಗಡಿಯಾರವನ್ನು ಸ್ಥಳೀಯವೆಂದು ಓದುವ ವ್ಯವಸ್ಥೆ ಅದರಲ್ಲಿತ್ತೇ, ಗ್ರೀನಿಚ್ ಕಾಲವೆಂದು ಓದುವುದೇ, ಎರಡೂ ಇದ್ದುವೇ ಎಂಬುದನ್ನು ಅದೇ ಹಾಳೆಯಲ್ಲಿ ಸೇರಿಸಬೇಕು. ಬರಿದಾದ ಬ್ಯಾಟರಿಯ ಯಂತ್ರದಲ್ಲಿ ಈ ವ್ಯತ್ಯಾಸ ಇನ್ನು ದೊರೆಯುವಂತಿಲ್ಲ. ಅಂಥಲ್ಲಿ ಕಡತಗಳೊಳಗಿನ ಪತ್ರಗಳ ತಾರೀಖುಗಳಿಂದಲೂ, ಬೇರೆ ಯಂತ್ರಗಳಿಗೆ ಹೋದ ಪ್ರತಿಗಳ ಮುದ್ರೆಗಳಿಂದಲೂ ಕಾಲವನ್ನು ನಿರ್ಣಯಿಸಬೇಕಾಗುತ್ತದೆ.